ಕೆಂಪು ಬಾಳೆಯೂ ಬುದ್ಧಿವಂತ ಕ್ಯಾಮೆರಾವೂ

ಹಣಮಂತರಾಯರು ಕ್ಯಾಮೆರಾ ಕೊಳ್ಳುವುದಾಗಿ ಘೋಷಿಸಿದಾಗ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತೇಹೋಯಿತು. ನಿಲ್ಲದೆ ಏನು ಮಾಡೀತು? ಘೋಷಣೆಯೇ ಹಾಗಿತ್ತು!

"ರಮಾ, ಇನ್ನ ಮ್ಯಾಲೆ ನಮ್ಮ ಮನ್ಯಾಗ ಯಾರೂ ಫೋನಿನಾಗ ಫೋಟೋ ತೆಗೆಯೋಹಂಗಿಲ್ಲ. ನಾ ಕ್ಯಾಮೆರಾ ತರಾಕತ್ತೀನಿ. ಅಂಥಿಂಥಾದ್ದಲ್ಲ, ಮುಂದಿನ ಕಾಲದ ಕ್ಯಾಮೆರಾ!"

ರಮಾಬಾಯಿ ಗಂಡನ ಘೋಷಣೆಗಳನ್ನು ಬಹಳ ಕೇಳಿದವರು. ಹಂಚಿನ ಮೇಲಿನ ರೊಟ್ಟಿಯನ್ನು ಶಾಂತವಾಗಿ ತಿರುವಿ ಹಾಕಿದರು.

"ಮುಂದಿನ ಕಾಲದ್ದು ಮುಂದ ನೋಡೋಣಂತ್ರಿ. ಈಗ ಅವ್ವನ ಫೋಟೋ ಯಾರು ತೆಗೀತಾರ, ಅದನ್ನ ಹೇಳ್ರಿ."

"ಅದಕ್ಕೇ ತರಾಕತ್ತೀನಿ, ಹುಚ್ಚಿ!"

ಈ ಅವ್ವನ ವಿಷಯ ಮೊದಲು ಹೇಳಿಬಿಡಬೇಕು. ರಮಾಬಾಯಿಯ ತಾಯಿ ತುಳಜಾಬಾಯಿಯವರದು ಕಮಲಾಪುರದಲ್ಲಿ ಒಂದು ಸಣ್ಣ ಬಾಳೆ ತೋಟ. ಕಮಲಾಪುರದ ಬಾಳೆ ಎಂದರೆ ಗೊತ್ತಲ್ಲ, ಕೆಂಪು ಬಾಳೆ! ಇಷ್ಟು ದಿನ ಅವರು ಹೈದರಾಬಾದ್ ರಸ್ತೆಯ ಬದಿಗೆ ಗೊನೆ ಇಟ್ಟುಕೊಂಡು ಕುಳಿತು, ಬಸ್ಸಿನವರಿಗೆ ಹಣ್ಣು ಮಾರುತ್ತಿದ್ದರು. ಈ ಸಲ ಹೈದರಾಬಾದಿನ ಒಂದು ಹಣ್ಣಿನ ಕಂಪನಿಯವರು ಫೋನು ಮಾಡಿ, "ಅಮ್ಮಾ, ನಿಮ್ಮ ತೋಟದ ಅಷ್ಟೂ ಹಣ್ಣು ನಾವೇ ತೊಗೋತೀವಿ. ಡಬ್ಬಿ ಮೇಲೆ ಹಾಕಲಿಕ್ಕೆ ನೀವು ಗೊನೆ ಹಿಡಿದು ನಿಂತಿರೋ ಫೋಟೋ ಕಳಿಸಿರಿ. ನಮ್ಮ ಸಾಹೇಬರು ನೋಡಿ ಹೂಂ ಅಂದರೆ ಆಯಿತು" ಎಂದಿದ್ದರು. ಆ ಒಂದು ಫೋಟೋದ ಮೇಲೆ ಇಡೀ ತೋಟದ ಬೆಳೆ ನಿಂತಿತ್ತು. ಬಿಸಿಲಲ್ಲಿ ರಸ್ತೆಬದಿಗೆ ಕುಳಿತು ಕುಳಿತು ತುಳಜಾಬಾಯಿಗೂ ಸಾಕಾಗಿತ್ತು.

"ಸ್ಟುಡಿಯೋದವನ್ನ ಕರಸ್ತೀನಿ" ಎಂದು ಅವರು ಹೊರಟಾಗ ಅಡ್ಡ ಬಂದವರು ಅಳಿಯ ಹಣಮಂತರಾಯರು. ಅದಕ್ಕೊಂದು ಗುಟ್ಟಿನ ಕಾರಣವಿತ್ತು. ತುಳಜಾಬಾಯಿಯವರ ಬಾಯಿಂದ ಒಂದು ಸಲ, ಒಂದೇ ಒಂದು ಸಲ, "ಭೇಷ್" ಅನ್ನಿಸಿಕೊಳ್ಳಬೇಕೆಂಬುದು ರಾಯರ ಜನ್ಮದ ಆಸೆ. ಆಯಮ್ಮ ಭೇಷ್ ಅನ್ನದವರೇನಲ್ಲ. ಹೊತ್ತಿಗೆ ಸರಿಯಾಗಿ ಬಂದ ಬಸ್ಸಿಗೆ ಭೇಷ್ ಅನ್ನುತ್ತಿದ್ದರು. ಕರೆದ ಕೂಡಲೇ ಓಡಿಬರುವ ತಮ್ಮ ಆಡಿಗೆ ದಿನಾ ಭೇಷ್ ಅನ್ನುತ್ತಿದ್ದರು. ಅಳಿಯ ಮಾತ್ರ ಮದುವೆಯಾದಾಗಿನಿಂದ ಏನೇ ಮಾಡಿದರೂ, ತೋಟಕ್ಕೆ ಪಂಪು ತಂದುಕೊಟ್ಟರೂ, ಮನೆಯ ಮಾಳಿಗೆ ಸೋರುವುದನ್ನು ನಿಲ್ಲಿಸಿದರೂ, ಅವರು ಒಮ್ಮೆ ಮೇಲಿಂದ ಕೆಳಗೆ ನೋಡಿ "ಇರಲಿ" ಅನ್ನುತ್ತಿದ್ದರು. ಅಷ್ಟೇ! ಕಚೇರಿಯಲ್ಲಿ ಸಾಹೇಬರಿಗೇ ಸಲಹೆ ಕೊಡುವ ಗುಮಾಸ್ತರಿಗೆ ಅತ್ತೆಯ ಈ "ಇರಲಿ" ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಅಲ್ಲಿಂದ ಮುಂದೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಊಟದ ಹೊತ್ತಿಗೆ ಲೆನ್ಸು, ಚಹಾದ ಹೊತ್ತಿಗೆ ಸೆನ್ಸರು! ಕನ್ನಡಿ ಇರುವ ಕ್ಯಾಮೆರಾ ಒಳ್ಳೆಯದೋ, ಕನ್ನಡಿ ಇಲ್ಲದ್ದು ಒಳ್ಳೆಯದೋ ಎಂದು ರಾಯರು ಚಟ್ನಿ ಪುಡಿ ಕಲಸುತ್ತ ಕೇಳಿದರೆ ರಮಾಬಾಯಿ, "ಕನ್ನಡಿ ಇರ್ಲಿ ಬಿಡ್ರಿ, ಹಣಿಗೆ ಕುಂಕುಮ ಹಚ್ಚಿಕೊಳ್ಳಾಕ ಬರ್ತದ" ಎನ್ನುತ್ತಿದ್ದರು. ಒಂದು ದಿನ ರಾಯರು ಭವಿಷ್ಯವನ್ನೇ ಬಿಚ್ಚಿಟ್ಟರು.

"ಕೇಳು, ಮುಂದ ಕ್ಯಾಮೆರಾಕ್ಕ ಗುಂಡಿ ಇರೂದಿಲ್ಲ, ತಿರುಗಣಿ ಇರೂದಿಲ್ಲ. ಕುಂಕುಮದ ಬೊಟ್ಟಿನಷ್ಟು ಆಗ್ತದ. ಎದುರಿಗೆ ಏನದ ಅಂತ ತಾನೇ ತಿಳ್ಕೋತದ, ತಾನೇ ತೆಗೀತದ, ತಪ್ಪಿದ್ರ ತಾನೇ ತಿದ್ದತದ!"

"ಹಂಗಾದ್ರ ಮನಷ್ಯಾ ಯಾಕ ಬೇಕ್ರಿ?"

"ಹೊತ್ತಕೊಂಡು ತಿರಗಾಕ!" ಎಂದುಬಿಟ್ಟರು ರಾಯರು.

ಕೊನೆಗೆ ಸೂಪರ್ ಮಾರ್ಕೆಟ್ಟಿನ ವಕಾರ್ ಅವರ ಅಂಗಡಿಗೆ ದಂಡಯಾತ್ರೆ ಹೊರಟಿತು. ವಕಾರ್ ಎರಡು ಕ್ಯಾಮೆರಾ ತೆಗೆದು ಗಾಜಿನ ಮೇಲಿಟ್ಟರು.

"ದೇಖೋ ಸಾಬ್, ಇದು ಸಾದಾ ಅದ. ಕಂಡದ್ದು ಕಂಡಂಗ ತೆಗೀತದ. ಗುಂಡಿ ಭಾಳ ಅವ, ಜರಾ ಕಲೀಬೇಕು. ಇದು ಹೊಸಾ ಮಾಲು. ದಿಮಾಗ್ ಅದ ಇದಕ್ಕ, ಮನಷ್ಯಾರಂಗ ಬುದ್ಧಿ!"

"ಕಂಡದ್ದು ಕಂಡಂಗ ತೆಗಿಯೋದು ಏನು ದೊಡ್ಡ ಮಾತ್ರೀ? ಅದನ್ನ ನಮ್ಮ ಕಣ್ಣೇ ಮಾಡ್ತಾವ! ಆ ದಿಮಾಗಿನದು ಏನೇನು ಮಾಡ್ತದ ಹೇಳ್ರಿ."

"ಎಲ್ಲಾ ಮಾಡ್ತದ ಸಾಬ್! ಎದುರಿಗೆ ಹೂವು ಅದನೋ, ಹಣ್ಣು ಅದನೋ ಗುರ್ತು ಹಿಡೀತದ. ಬಣ್ಣ ಕೆಟ್ಟಿದ್ರ ಸುಧಾರಸ್ತದ. ಮುಖದ ಮ್ಯಾಲೆ ಸುಕ್ಕಿದ್ರ ಸಾಫ್! ನಗಲಿಲ್ಲ ಅಂದ್ರ ನಗಸ್ತದ. ಚಿತ್ರದಾಗ ಬ್ಯಾಡಾದವ್ರು ಯಾರರ ಬಂದು ನಿಂತ್ರ, ತಾನೇ ಅಳಿಸಿ ಒಗೀತದ!"

ರಾಯರ ಮುಖ ಅರಳಿತು. "ಕೇಳ್ದೇನು?" ಎಂಬಂತೆ ಹೆಂಡತಿಯ ಕಡೆ ನೋಡಿದರು. ರಮಾಬಾಯಿ ಸಾದಾ ಕ್ಯಾಮೆರಾವನ್ನೇ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಅದನ್ನು ಮೆಲ್ಲಗೆ ಕಿತ್ತು ಗಾಜಿನ ಮೇಲಿಟ್ಟು, ರಾಯರು ದಿಮಾಗನ್ನೇ ಕೊಂಡರು.

ಅಭ್ಯಾಸಕ್ಕೆಂದು ಮೊದಲು ಊರಿನ ಕೋಟೆಯ ಫೋಟೋ ತೆಗೆದರು. ಕ್ಯಾಮೆರಾ ಗೋಡೆಯ ಬಿರುಕು ಮುಚ್ಚಿ, ಹುಲ್ಲು ಕಿತ್ತು, ಕಲ್ಲು ಉಜ್ಜಿ, ಆರುನೂರು ವರ್ಷದ ಬಹಮನಿ ಕೋಟೆ ಹೋದ ತಿಂಗಳು ಉದ್ಘಾಟನೆಯಾದ ಕಲ್ಯಾಣಮಂಟಪದ ಹಾಗೆ ಕಾಣುವಂತೆ ಮಾಡಿತು. ಜಾಣರಾದವರು ಅಲ್ಲಿಯೇ ಎಚ್ಚರವಾಗುತ್ತಿದ್ದರು. ನಮ್ಮ ರಾಯರು ಹಿಗ್ಗಿದರು!

ಭಾನುವಾರ ಕಮಲಾಪುರ. ತುಳಜಾಬಾಯಿ ಮಡಿಚಿಟ್ಟ ಇಳಕಲ್ ಸೀರೆ ಉಟ್ಟು, ತೋಟದಲ್ಲೇ ಚೆಂದದ ಗೊನೆ ಕಡಿಸಿ ಹಿಡಿದು ನಿಂತಿದ್ದರು. ಗೊನೆ ನಿಜಕ್ಕೂ ಸೊಗಸಾಗಿತ್ತು. ಒಂದೊಂದು ಹಣ್ಣೂ ದುಂಡಗೆ, ಕೆಂಪಗೆ; ಇಡೀ ಗೊನೆ ಅತ್ತೆಯ ಅರ್ಧ ಎತ್ತರಕ್ಕೆ ತೂಗುತ್ತಿತ್ತು. ಆಡು ಹಿಂದಿನಿಂದ ಬಂದು ಸೀರೆಯ ಸೆರಗು ಮೂಸುತ್ತಿತ್ತು.

"ಅತ್ತಿಯವ್ರ, ಜರಾ ನಗ್ರಿ."

"ಹಣ್ಣಿನ ಫೋಟೋಕ್ಕ ನಾ ಯಾಕ ನಗಬೇಕು? ತೆಗೀರಿ ಲಗೂನ, ಕೈ ಸೋತು ಹೋದ್ವು."

"ಇರ್ಲಿ ಬಿಡ್ರಿ. ಕ್ಯಾಮೆರಾನೇ ನಗಸ್ತದ."

ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಬಾಳೆಹಣ್ಣಿನ ಗುರುತು ಮೂಡಿತು. "ನೋಡ್ದೇನು ರಮಾ? ಬಾಳಿ ಅಂತ ಹೇಳದೇ ತಿಳ್ಕೊಂತು!" ಎಂದು ರಾಯರು ಕುಣಿದಾಡಿ ಕ್ಲಿಕ್ಕಿಸಿದರು. ಬಿಸಿಲಿನ ಝಳಕ್ಕೆ ಪರದೆಯ ಮೇಲೆ ಏನೂ ಸರಿಯಾಗಿ ಕಾಣಲಿಲ್ಲ. ಅದರಲ್ಲಿ ಆಡು ಮಾಯವಾದದ್ದು ಮಾತ್ರ ರಮಾಬಾಯಿಯ ಕಣ್ಣಿಗೆ ಬಿತ್ತು.

"ಆಡು ಎಲ್ಲಿ ಹೋತ್ರಿ? ಇಲ್ಲೇ ನಿಂತಿತ್ತಲ್ಲ!"

"ಬ್ಯಾಡಾದ್ದು ಅಂತ ಅಳಿಸಿ ಒಗದದ. ಅದಕ್ಕೇ ಅಂತಾರ ಬುದ್ಧಿ ಅಂತ!"

ತುಳಜಾಬಾಯಿಗೆ ಅದು ಸೇರಲಿಲ್ಲ. "ನನ್ನ ಆಡು ಬ್ಯಾಡಂತ ಹೇಳಾಕ ಅದ್ಯಾರು?" ಎಂದರು. ರಾಯರು ಆಗಲೇ ಫೋಟೋವನ್ನು ಅಲ್ಲಿಂದಲೇ ಹೈದರಾಬಾದಿಗೆ ರವಾನಿಸಿ, ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದರು. ಅತ್ತೆ ಗೊನೆಯನ್ನು ಕೆಳಗಿಳಿಸಿ, ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ಇರಲಿ" ಎಂದರು.

ಮರುದಿನ ಬೆಳಿಗ್ಗೆ ಫೋನು.

"ಅಳಿಯಂದ್ರ, ನನ್ನ ಹಣ್ಣಿಗೆ ಅರಿಷಿಣ ಕಾಮಣಿ ಬಂದದೇನು?"

"ಅಂದ್ರ?"

"ಹೈದರಾಬಾದದವ್ರು ಫೋನು ಮಾಡಿದ್ರು. ನಾವು ಕೇಳಿದ್ದು ಕೆಂಪು ಬಾಳಿ, ನೀವು ಹಳದಿ ಬಾಳಿ ಹಿಡ್ಕೊಂಡು ನಿಂತೀರಿ, ಹಳದಿ ಬಾಳಿ ನಮ್ಮೂರಾಗ ಬೇಕಾದಷ್ಟು ಅದ, ಬ್ಯಾಡ ಅಂದ್ರು!"

ರಾಯರು ಕ್ಯಾಮೆರಾ ತೆಗೆದು ನೋಡಿದರು. ಅತ್ತೆಯ ಕೈಯಲ್ಲಿ ನಿಂಬೆಹಣ್ಣನ್ನೂ ನಾಚಿಸುವ ಹಳದಿ ಗೊನೆ! ಬಾಳೆ ಎಂದು ಗುರುತು ಹಿಡಿದ ಕ್ಯಾಮೆರಾ, ಪಾಪ, ಬಾಳೆಗೆ ಹೀಗೇಕೆ ಬಣ್ಣ ಕೆಟ್ಟಿದೆ ಎಂದು ಮರುಗಿ, ಒಂದೂ ಬಿಡದೆ ತಿದ್ದಿಬಿಟ್ಟಿತ್ತು. ಅತ್ತೆಯ ತೋಟ ತಮ್ಮ ಕೈಯಾರೆ ಹಾಳಾಯಿತಲ್ಲ ಎಂದು ರಾಯರಿಗೆ ನಿಜವಾಗಿಯೂ ಸಂಕಟವಾಯಿತು.

"ಆ ಬುದ್ಧಿ ಬಂದ್ ಮಾಡಾಕ ಗುಂಡಿ ಇಲ್ಲೇನ್ರಿ?" ಎಂದು ರಮಾಬಾಯಿ ಕೇಳಿದರು. ರಾಯರು ವಕಾರ್ ಅವರಿಗೆ ಫೋನು ಹಚ್ಚಿದರು.

"ಗುಂಡಿ ಆ ಸಾದಾದಕ್ಕ ಅವ ಸಾಬ್! ಇದನ್ನ ಯಾರು ಬಂದ್ ಮಾಡ್ತಾರ ಅಂತ ಕಂಪನಿಯವ್ರು ಇಟ್ಟೇ ಇಲ್ಲ."

"ನನ್ನ ಫೋನಿನಾಗ ತೆಗೀಲೇನು?" ಎಂದರು ರಮಾಬಾಯಿ.

"ರಮಾ!" ಎಂದರು ರಾಯರು. ಘೋಷಣೆ ಎಂದರೆ ಘೋಷಣೆ.

ಕಚೇರಿಗೆ ರಜೆ ಹಾಕಿ ಮತ್ತೆ ಕಮಲಾಪುರಕ್ಕೆ ಓಡಿದರು. ಈಗ ಯುದ್ಧ ಮನುಷ್ಯನ ಬುದ್ಧಿಗೂ ಕ್ಯಾಮೆರಾದ ಬುದ್ಧಿಗೂ! ಬಾಳೆ ಎಂದು ತಿಳಿದರೆ ತಾನೆ ಹಳದಿ ಮಾಡುವುದು? ರಾಯರು ಗೊನೆಗೆ ಟವೆಲು ಹೊದಿಸಿ ಒಂದೇ ಹಣ್ಣು ಹೊರಗೆ ಬಿಟ್ಟರು. ಮೂಲೆಯಲ್ಲಿ ಗಜ್ಜರಿಯ ಗುರುತು ಮೂಡಿತು. ಕ್ಯಾಮೆರಾ ಹಣ್ಣನ್ನು ಗಜ್ಜರಿಯ ಬಣ್ಣಕ್ಕೆ ತಿರುಗಿಸಿ, ತುದಿಗೆ ನಾಲ್ಕು ಎಸಳು ಹಸಿರು ಸೊಪ್ಪನ್ನೂ ತಾನೇ ಅಂಟಿಸಿಕೊಟ್ಟಿತು. ಕೆಂಪು ಚಾದರದ ಮೇಲೆ ಗೊನೆ ಇಟ್ಟರೆ ಗೊನೆಯ ಜೊತೆಗೆ ಚಾದರವೂ ಹಳದಿಯಾಯಿತು. ಕಡೆಗೆ ಶಾಲೆಯ ಹುಡುಗರು ಬರೆಯುವ ಪಾಟಿಯೊಂದನ್ನು ತಂದು, "ಇವು ಕೆಂಪು ಬಾಳೆ" ಎಂದು ದಪ್ಪಗೆ ಬರೆದು ಅತ್ತೆಯ ಕೈಗೆ ಕೊಟ್ಟರು.

"ಠಾಣೇದಾಗ ಕಳ್ಳರನ್ನ ಹಿಂಗ ನಿಂದರಸ್ತಾರ" ಎಂದು ಗೊಣಗುತ್ತಲೇ ತುಳಜಾಬಾಯಿ ನಿಂತರು.

ಕ್ಯಾಮೆರಾ ಪಾಟಿಯ ಮೇಲಿನ ಅಕ್ಷರಗಳನ್ನು ಕೊಳೆ ಎಂದು ತಿಳಿದು ನೀಟಾಗಿ ಒರೆಸಿತು! ಹಳದಿ ಗೊನೆಯ ಪಕ್ಕದಲ್ಲಿ ಖಾಲಿ ಪಾಟಿ ಹಿಡಿದು, ಮೊದಲ ದಿನ ಶಾಲೆಗೆ ಬಂದ ಹುಡುಗಿಯ ಹಾಗೆ ಅತ್ತೆ ನಗುತ್ತಿದ್ದರು. ನಿಜವಾಗಿ ಅವರು ನಕ್ಕೇ ಇರಲಿಲ್ಲ.

ರಾಯರು ಬದುವಿನ ಮೇಲೆ ಕುಸಿದು ಕುಳಿತರು. "ಅತ್ತಿಯವ್ರ, ನನ್ನಿಂದ ತಪ್ಪಾತು. ಸ್ಟುಡಿಯೋದವನ್ನ ಕರೀರಿ."

ತುಳಜಾಬಾಯಿ ಪಾಟಿಯನ್ನು ಬದುವಿಗೆ ಒರಗಿಸಿದರು. "ಯಾರನ್ನೂ ಕರಿಯೋದು ಬ್ಯಾಡ. ಹಣ್ಣಿಗೆ ಫೋಟೋ ಯಾಕ? ಹಣ್ಣೇ ಅದಲ್ಲ!"

ಅಷ್ಟಂದು ಗೊನೆಯನ್ನು ಗೋಣಿತಾಟಿನಲ್ಲಿ ಸುತ್ತಿ, ರಸ್ತೆಗೆ ಹೋಗಿ ಹೈದರಾಬಾದ್ ಬಸ್ಸಿಗೆ ಕೈ ಮಾಡಿದರು. ವರ್ಷಗಟ್ಟಲೆ ಅವರ ಹಣ್ಣು ತಿಂದ ಕಂಡಕ್ಟರು ಇಳಿದು ಬಂದ. "ಕಂಪನಿಯವ್ರಿಗೆ ಫೋನು ಮಾಡೀನಿ, ಸ್ಟ್ಯಾಂಡಿಗೆ ಬರ್ತಾರ, ಅವರ ಕೈಯಾಗೇ ಕೊಡಪಾ" ಎಂದರು. ಗೊನೆ ಸೀಟಿನ ಮೇಲೆ ಕುಳಿತು ಹೈದರಾಬಾದಿಗೆ ಹೋಯಿತು. ಬಸ್ಸು ಹೊರಟಾಗ ತುಳಜಾಬಾಯಿ ಅದರ ಬೆನ್ನಿಗೆ "ಭೇಷ್" ಎಂದರು. ರಾಯರು ಅದನ್ನೂ ಕೇಳಿಸಿಕೊಂಡರು.

ಕಂಪನಿಯ ಸಾಹೇಬರು ಹಣ್ಣು ನೋಡಿದರು, ತಿಂದರು, ಹೂಂ ಅಂದರು. ತೋಟದ ಬೆಳೆ ಉಳಿಯಿತು! ಒಂದು ವಾರದೊಳಗೆ ಡಬ್ಬಿಗಳೂ ಕಮಲಾಪುರಕ್ಕೆ ಬಂದವು. ಅವುಗಳ ಮೇಲೆ ರಾಯರು ತೆಗೆದ ಮೊದಲನೆಯ ಫೋಟೋ! ಹಣ್ಣಿಗೆ ಮಾತ್ರ ಕಂಪನಿಯವರು ತಮ್ಮ ಚಿತ್ರಗಾರನಿಂದ ಕೆಂಪು ಬಳಿಸಿದ್ದರು. ಮುಖ ಹಾಗೆಯೇ ಇತ್ತು. ಹಾಗೆಯೇ ಎಂದರೆ, ಸುಕ್ಕಿಲ್ಲ, ಬಿಳಿಕೂದಲಿಲ್ಲ, ಬಿದ್ದ ಹಲ್ಲು ತಿರುಗಿ ಬಂದಿತ್ತು.

"ಅವ್ವಾ, ಇದು ನಿನ್ನಂಗ ಕಾಣಂಗೇ ಇಲ್ಲ" ಎಂದರು ರಮಾಬಾಯಿ.

ತುಳಜಾಬಾಯಿ ಡಬ್ಬಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಓರೆಯಾಗಿ ಹಿಡಿದು ನೋಡಿದರು. "ಹಣ್ಣಿನ ಬಣ್ಣ ತಪ್ಪಿತ್ತು, ಖರೆ. ಮುಖ ಬರೋಬ್ಬರಿ ಬಿದ್ದದ. ನಿನಗ ಕಣ್ಣಿಗೆ ಏನಾಗ್ಯದ?"

ರಾಯರು ಕಿವಿ ನಿಮಿರಿಸಿ ನಿಂತರು. ಬಂತು, ಈಗ ಬಂತು! ಅತ್ತೆ ಅಳಿಯನ ಕಡೆ ತಿರುಗಿದರು. ಮೇಲಿಂದ ಕೆಳಗೆ ನೋಡಿದರು.

"ಇರಲಿ" ಎಂದರು. ಆಮೇಲೆ ಏನೋ ನೆನಪಾದಂತೆ, "ಇವತ್ತು ಮೊದಲನೇ ಮಾಲು ಹೊಂಟದ. ಎಲ್ಲಾರೂ ನಿಂತು ಒಂದು ಫೋಟೋ ತೆಗಸೋಣು. ನಿಮ್ಮ ಕ್ಯಾಮೆರಾ ತರ್ರಿ" ಎಂದರು.

ತರ್ರಿ! ಅತ್ತೆ ತಾವಾಗಿ ಕೇಳಿದ್ದು! ರಾಯರಿಗೆ ಹೋದ ಜೀವ ಬಂದಂತಾಯಿತು. ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕ್ಯಾಮೆರಾ ಇಟ್ಟರು. ಅತ್ತೆ ಮತ್ತು ಹೆಂಡತಿ ಡಬ್ಬಿಗಳ ಮುಂದೆ ನಿಂತರು. ಅವರಿಬ್ಬರ ನಡುವೆ ಆಡು ತಾನಾಗಿ ಬಂದು ನಿಂತಿತು. ರಾಯರು ತಾನಾಗಿ ಕ್ಲಿಕ್ಕಿಸುವ ಗಡಿಯಾರ ಹಚ್ಚಿ, ಧೋತರ ಹಿಡಿದುಕೊಂಡು ಓಡಿ ಬಂದು, ಹಿಂದೆ ನಿಂತು, ಎದೆ ಸೆಟೆಸಿ, ಇದ್ದ ಹಲ್ಲೆಲ್ಲ ಕಾಣುವಂತೆ ನಕ್ಕರು. ಕ್ಲಿಕ್!

ಮೊದಲು ಕ್ಯಾಮೆರಾ ಎತ್ತಿಕೊಂಡು ನೋಡಿದವರು ರಮಾಬಾಯಿ. ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡರು, ಮತ್ತೆ ನೋಡಿದರು.

"ಅವ್ವಾ, ನೀ ಇದ್ದಿ. ನಾ ಇದ್ದೀನಿ. ಆಡೂ ಅದ..."

"ಮತ್ತ ಅಳಿಯಂದ್ರು?"

ರಾಯರು ಕ್ಯಾಮೆರಾ ಕಸಿದು ನೋಡಿದರು. ತಾವು ನಿಂತಿದ್ದ ಜಾಗದಲ್ಲಿ ಒಂದು ಚೆಂದದ ಬಾಳೆಗಿಡ ಇತ್ತು. ಎಲೆಯೊಂದೂ ಹರಿದಿರಲಿಲ್ಲ.

ತುಳಜಾಬಾಯಿ ಅಳಿಯನ ಕೈಯಿಂದ ಕ್ಯಾಮೆರಾ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಅವರ ಮುಖದ ಮೇಲೆ ಮೊಟ್ಟಮೊದಲ ಸಲ, ಯಾರೂ ತಿದ್ದದೆಯೇ, ನಗು ಬಂತು.

"ಇದಕ್ಕ ಬುದ್ಧಿ ಅದ ಅಂತ ನೀವು ಹೇಳಿದಾಗ ನಾ ನಂಬಿದ್ದಿಲ್ಲ ನೋಡ್ರಿ" ಎಂದು ಕ್ಯಾಮೆರಾದ ಬೆನ್ನು ತಟ್ಟಿದರು. "ಭೇಷ್!"