ಒಂದು ಜೋಡಿ ಓರೆಪಟ್ಟಿಯ ಪಾಡು

ಉಕ್ಕಿನ ಕಟ್ಟಡಗಳು ಭೂಕಂಪಕ್ಕೆ ಬೀಳದ ಹಾಗೆ ಡಿಸೈನ್ ಮಾಡೋದು ನನ್ನ ಕೆಲಸ. ಭೂಮಿ ಯಾವಾಗಲೋ ಒಂದು ಸಲ ನಡುಗೀತು. ಕಟ್ಟಿಸುವವರು ಮಾತ್ರ ದಿನಾ ಜೀವ ತಿಂತಾರೆ. ತಮಿಳು ಸೀಮೆಯ ಪೋರೂರಿನ ಈ ಒಂದು ಕಟ್ಟಡದ ಕಥೆಯೇ ಸಾಕು.

ಎಲ್ಲಿಂದ ತಂದಿರಿ?

ರೈಲ್ವೆಯಿಂದ ರಿಟೈರಾದ ನಮ್ಮ ಕನ್ನಡದವರೊಬ್ಬರು ಸೊಸೆಗಾಗಿ ಎರಡು ಮಹಡಿಯ ನರ್ಸರಿ ಶಾಲೆ ಕಟ್ಟಿಸ್ತಿದ್ದರು. ಕಂಬಗಳ ನಡುವೆ ಓರೆಯಾಗಿ, ಒಂದನ್ನೊಂದು ಅಡ್ಡ ಹಾಯೋ ಹಾಗೆ ಎರಡು ಉಕ್ಕಿನ ಪಟ್ಟಿ ಕೂಡಿಸಬೇಕು, ಇಲ್ಲದಿದ್ದರೆ ನೆಲ ನಡುಗಿದಾಗ ಕಟ್ಟಡ ಪಕ್ಕಕ್ಕೆ ವಾಲುತ್ತೆ ಅಂದೆ.

"ಈ ಊರಿಗೆ ನೀರು ನುಗ್ಗುತ್ತೆ, ಬಿರುಗಾಳಿ ಬರುತ್ತೆ. ಭೂಕಂಪ ಎಲ್ಲಿಂದ ತಂದಿರಿ ಇಂಜಿನಿಯರ್ರೇ?"

"ಮೇಲೆ ಮಕ್ಕಳಿರ್ತಾರೆ ಸಾರ್. ಪಟ್ಟಿ ಇಲ್ಲದೆ ನಾನು ಸೈನ್ ಹಾಕಲ್ಲ."

"ಆಯ್ತಪ್ಪ. ಭೂಕಂಪ ಬಂದ್ಮೇಲೆ ಹಾಕಿಸಿದ್ರೆ ಆಗಲ್ವಾ?"

ಪಾವಂ

ಪಟ್ಟಿಯ ತುದಿಯ ಪ್ಲೇಟಿನಲ್ಲಿ ಎರಡು ಬೆರಳು ಜಾಗ ಬೇಕಂತಲೇ ಖಾಲಿ ಬಿಟ್ಟಿದ್ದೆ. ನೆಲ ನಡುಗಿದರೆ ಪ್ಲೇಟು ಅಲ್ಲಿ ಬಾಗಬೇಕು, ಹರಿಯಬಾರದು. ಹೋಗಿ ನೋಡಿದರೆ ಆ ಜಾಗದಲ್ಲಿ ಇನ್ನೊಂದು ಪ್ಲೇಟು ಕೂತಿದೆ, ಸುತ್ತಲೂ ದಪ್ಪ ವೆಲ್ಡಿಂಗು.

"ಯಾರಪ್ಪಾ ಇದು ಮಾಡಿದ್ದು?"

ವೆಲ್ಡರ್ ಹತ್ತಿರ ಬಂದು, ಅಯ್ಯೋ ಪಾಪ ಅನ್ನೋ ಹಾಗೆ, ಮೆಲ್ಲಗೆ ತಮಿಳಲ್ಲಿ ಹೇಳಿದ: "ಪಾವಂ, ನೀವು ಮರೆತಿದ್ರಿ ಸಾರ್. ಓನರ್‌ಗೆ ನಾನು ಹೇಳಿಲ್ಲ."

ತಪ್ಪು

ಆ ಪ್ಲೇಟು ಕತ್ತರಿಸಿ ತೆಗೆಸಿದ ಮಾರನೆ ದಿನವೇ ಯಜಮಾನರ ಫೋನು.

"ಮಾನ ಹೋಯ್ತು ಇಂಜಿನಿಯರ್ರೇ! ಶಾಲೆ ಮುಂದುಗಡೆ ಆಳೆತ್ತರದ ಇಂಟು ಮಾರ್ಕು! ಮೊಮ್ಮಗಳು ನೋಡಿ 'ತಾತಾ, ತಪ್ಪು ಪೋಟ್ಟಿರ್ಕಾಂಗ', ತಪ್ಪು ಹಾಕಿದ್ದಾರೆ ಅಂತಾಳೆ. ಇಲ್ಲಿ ಯಾರು ಮಕ್ಕಳನ್ನ ಸೇರಿಸ್ತಾರೆ? ರೈಟ್ ಮಾರ್ಕು ಮಾಡ್ಕೊಡಿ."

ರೈಟ್ ಮಾರ್ಕಿಗೆ ಕಟ್ಟಡ ನಿಲ್ಲಲ್ಲ ಅಂತ ಗಂಟಲು ಹರಕೊಂಡೆ. ಕೊನೆಗೆ ಪಟ್ಟಿ ಕಾಣದ ಹಾಗೆ ಬೋರ್ಡು ಹೊಡೆಸಿದರು. ಅದರ ಮೇಲೆ ಪೇಂಟರ್ ಕೈಲಿ ಆಳೆತ್ತರದ ರೈಟ್ ಮಾರ್ಕು ಬರೆಸಿದರು.

ನಡುಕ

ಶಾಲೆ ಶುರುವಾಗಿ ಕೆಲವು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನೆಲ ಸಣ್ಣಗೆ ನಡುಗಿತು. ಆಫೀಸಿನವರೆಲ್ಲ ರಸ್ತೆಗೆ ಓಡಿದೆವು. ನನಗೆ ಆ ಮಹಡಿ ಮೇಲಿನ ಮಕ್ಕಳದ್ದೇ ಚಿಂತೆ. ಫೋನ್ ತೆಗೆದು ಶಾಲೆ ನಂಬರ್ ಹುಡುಕ್ತಿದ್ದೆ. ಅಷ್ಟರಲ್ಲಿ ಯಜಮಾನರೇ ಫೋನ್ ಮಾಡಿದರು.

"ಮಕ್ಕಳು ಹೇಗಿದ್ದಾರೆ ಸಾರ್?"

"ನಿದ್ದೆ ಮಾಡ್ತಿದ್ದಾರೆ. ಒಂದೂ ಎದ್ದಿಲ್ಲ. ಪಕ್ಕದ ಮನೆಯವರು ಬೀದಿಗೆ ಬಂದು ಕೂಗಿದ ಮೇಲೇ ನಮಗೆ ಗೊತ್ತಾಗಿದ್ದು."

ನಾನು ಫುಟ್‌ಪಾತಿನ ಮೇಲೇ ಕೂತುಬಿಟ್ಟೆ. ಕಣ್ಣು ತುಂಬಿ ಬಂತು. ಈ ಮನುಷ್ಯ ಈಗಲಾದರೂ ಒಂದು ಒಳ್ಳೇ ಮಾತು ಆಡ್ತಾರೆ ಅಂತ ಕಾದೆ.

"ಅದಕ್ಕೇ ಫೋನ್ ಮಾಡಿದ್ದು ಇಂಜಿನಿಯರ್ರೇ. ಭೂಕಂಪ ಬಂದು ಹೋಯ್ತು, ನಮ್ಮ ಬಿಲ್ಡಿಂಗ್ ಅಲ್ಲಾಡಲೇ ಇಲ್ಲ. ಇನ್ನು ಆ ಪಟ್ಟಿ ಯಾಕೆ? ಬಿಚ್ಚಿಸಿ ಅಲ್ಲೊಂದು ಬಾಗಿಲು ಇಡಿಸ್ಲಾ?"