ನಮ್ಮ ಹಂದಿಯೊಲೆ ಒಯ್ದು ಅಣುಬಾಂಬು ಬಿಟ್ಟುಹೋದ ಕರ್ನಲ್ ಅವರಿಗೆ

ವಾಯುನೆಲೆಯ ಮಾನ್ಯ ಕರ್ನಲ್ ಅವರ ಸನ್ನಿಧಾನಕ್ಕೆ, ನಾರ್ತ್ ಡಕೋಟದ ಗೋಧಿ ಹೊಲಗಳ ನಡುವಿನ ಪುಟ್ಟ ಲೂಥರನ್ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ ಬೋರ್ಗಿಲ್ಡ್ ಟ್ವೇಟನ್ ಮಾಡುವ ವಿನಯಪೂರ್ವಕ ವಂದನೆಗಳು. ತಾವೂ ತಮ್ಮ ಬಾಂಬುಗಳೂ ಕ್ಷೇಮವೆಂದು, ಅದಕ್ಕಿಂತ ಮುಖ್ಯವಾಗಿ ಒಂದೇ ಕಡೆ ಇದ್ದೀರೆಂದು ನಂಬಿದ್ದೇವೆ.

ಕಳೆದ ಶನಿವಾರ, ನಮ್ಮ ಸುಗ್ಗಿಯೂಟದ ದಿನ, ತಮ್ಮ ಲಾರಿಯೊಂದು ಕೆಟ್ಟು ಚರ್ಚಿನ ಅಂಗಳದಲ್ಲಿ ನಿಂತಿತು. ತಮ್ಮ ಸೈನಿಕರು ಹಿಂದಿನ ಗಾಡಿಯನ್ನು ಬಿಚ್ಚಿಟ್ಟು, ನಮ್ಮ ಕಾಫಿ ಕುಡಿದು, ಬೇರೆ ಲಾರಿ ಬಂದೊಡನೆ, ತಮ್ಮ ಗಾಡಿಯ ಪಕ್ಕದಲ್ಲೇ ಅಂಥದೇ ಹಸಿರು ಟಾರ್ಪಾಲಿನ್ ಹೊದ್ದು ನಿಂತಿದ್ದ ನಮ್ಮ ಹಂದಿ ಸುಡುವ ಒಲೆಯನ್ನು ಕಟ್ಟಿಕೊಂಡು ಹೊರಟರು. ನನ್ನ ದಿವಂಗತ ಪತಿ ಸೆಲ್ಮರ್ ಹಳೆಯ ಬಾಯ್ಲರಿಗೆ ಚಕ್ರ ಜೋಡಿಸಿ ಮಾಡಿದ ಆ ಒಲೆಗೆ ಮುಂದೆ ಹಿಂದೆ ಬಂದೂಕುಧಾರಿಗಳ ಜೀಪು, ಮೇಲೊಂದು ಹೆಲಿಕಾಪ್ಟರು. ಬದುಕಿದ್ದಾಗ ಸೆಲ್ಮರ್‌ಗೆ ಇಂಥ ಮರ್ಯಾದೆ ಯಾರೂ ಮಾಡಿರಲಿಲ್ಲ.

ಉಳಿದ ಗಾಡಿಯನ್ನು ನಮ್ಮದೆಂದುಕೊಂಡು ನಾವು ಅದರ ಮೇಲೆ ಆಪಲ್ ಪೈಗಳನ್ನು ಆರಲಿಟ್ಟೆವು. ನನ್ನ ಗೆಳತಿ ಆರ್ಡಿಸ್ ತನ್ನ ಮೊಮ್ಮಗಳನ್ನು ಅದರ ಮೇಲೆಯೇ ಮಲಗಿಸಿ ಒದ್ದೆ ಬಟ್ಟೆ ಬದಲಿಸಿದಳು. ಮಧ್ಯಾಹ್ನ ಪಾದ್ರಿಗಳಾದ ಎಂಗೆಬ್ರೆಟ್ ಸೌದೆ, ಬೆಂಕಿಪೊಟ್ಟಣ ಹಿಡಿದು ಬಂದು, ಟಾರ್ಪಾಲಿನ್ ಎತ್ತಿ ನೋಡಿ, "ಬೋರ್ಗಿಲ್ಡ್, ಇದಕ್ಕೆ ಬಾಗಿಲೇ ಇಲ್ವಲ್ಲ?" ಎಂದರು.

ನಾನು ತಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡ ಯುವಕನ ಸೌಜನ್ಯ ಮೆಚ್ಚತಕ್ಕದ್ದು. "ಅಮ್ಮಾ, ನಮ್ದು ನಮ್ಮ ಹತ್ರಾನೇ ಇದೆ. ನೆಲಮಾಳಿಗೇಲಿಟ್ಟು ಸುತ್ತ ಕಾವಲು ಹಾಕಿದ್ದೀವಿ, ಗಾಬರಿಯಾಗ್ಬೇಡಿ" ಎಂದ.

"ಒಂದ್ಸಲ ಬಾಗಿಲು ತೆಗೆದು ನೋಡಪ್ಪ. ಒಳಗೆ ಮಸಾಲೆ ಸವರಿದ ಹಂದಿ ಇದ್ರೆ ಅದು ನಮ್ದು" ಎಂದೆ.

ಆತ ಫೋನನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಬೂಟುಗಾಲಿನಲ್ಲಿ ಓಡಿದ ಸದ್ದು ಕೇಳಿಸಿತು.

ತಾವು ಖುದ್ದಾಗಿ ದಯಮಾಡಿಸಿ, ಚರ್ಚಿನ ಪಕ್ಕದ ಹಳ್ಳದ ಆಚೆ ದಡದಲ್ಲೇ ನಿಂತು, ಧ್ವನಿವರ್ಧಕದಲ್ಲಿ "ಯಾವ ಕ್ಷಣದಲ್ಲೂ ಯಾರಿಗೂ ಅಪಾಯವಿರಲಿಲ್ಲ" ಎಂದು ಸಾರಿದಿರಿ. ಈಚೆ ದಡದವರಾದ ನಮಗೆ ಎಷ್ಟು ಸಮಾಧಾನವಾಯಿತೆಂದು ಹೇಳತೀರದು. ಬಾಂಬಿನ ಜೊತೆಗೆ ವಿಕಿರಣ ಪರೀಕ್ಷೆಗೆಂದು ಒಯ್ದ ಪೈಗಳ ತಟ್ಟೆಗಳು ಖಾಲಿಯಾಗಿ ಮರಳಿವೆ. ಫಲಿತಾಂಶ ತೃಪ್ತಿಕರವೆಂದು ಭಾವಿಸುತ್ತೇವೆ. ಊರಿನ ಕ್ಷೌರದಂಗಡಿಯಲ್ಲಿ ಈಗ ಬೇರೆ ಮಾತೇ ಇಲ್ಲ. "ಆ ಬಾಂಬು ಇನ್ನೆರಡು ದಿನ ಇದ್ದಿದ್ರೆ ಕಾಗೆಗಳಾದ್ರೂ ಹೆದರ್ತಿದ್ವು" ಎಂದು ಒಬ್ಬರೆಂದರೆ, ಬಾಂಬನ್ನು ಪೂರ್ತಿ ಒಪ್ಪಿಸುವ ಮೊದಲು ಒಲೆ ವಾಪಸು ಕೇಳಬೇಕಿತ್ತೆಂದು ಇನ್ನೊಬ್ಬರು ನನ್ನನ್ನೇ ಬೈದರು. ನಗರದಿಂದ ಫಲಕ ಹಿಡಿದು ಬಂದ ಪ್ರತಿಭಟನಕಾರರಿಗೆ ಚಳಿಯಾಗದಂತೆ ಕಂಬಳಿ ಕೊಟ್ಟೆವು.

ಒಲೆ ಮಾತ್ರ ಎರಡು ಹೋಳಾಗಿ ಬಂದಿದೆ. ಅದನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂಬ ಪ್ರಮಾಣಪತ್ರ ಜೊತೆಗಿದೆ. ಆದಕಾರಣ ತಮ್ಮ ತಜ್ಞರು ಅದನ್ನು ಬೆಸೆದು, ಕರ್ತವ್ಯದಲ್ಲಿ ಗಾಯಗೊಂಡದ್ದಕ್ಕೆ ಒಂದು ಪದಕ ತೊಡಿಸಿ, ಪ್ರತಿ ಸುಗ್ಗಿಯೂಟಕ್ಕೂ ಹೆಲಿಕಾಪ್ಟರ್ ಕಾವಲಿನಲ್ಲಿ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.

ಇನ್ನೊಂದು ಕೋರಿಕೆ. ಅಂದು ಅದು ಬಾಂಬೆಂದು ತಿಳಿದೊಡನೆ ಚರ್ಚಿನ ಮೆಟ್ಟಿಲ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ನಕ್ಕವಳು ಆರ್ಡಿಸ್. ಆ ನಗು ನಿಲ್ಲದೆ, ಕೊನೆಗೆ ಅವಳನ್ನು ಹಿಡಿದುಕೊಂಡು ಮನೆಗೆ ಕರೆದೊಯ್ಯಬೇಕಾಯಿತು. ಈಗ ಆಕೆ ಮೊಣಕೈವರೆಗೆ ಕೈ ತೊಳೆಯದೆ ಮಗುವನ್ನು ಮುಟ್ಟುವುದಿಲ್ಲ. ತಮ್ಮವರು ಯಾರಾದರೂ ಬಂದು ಅವಳ ಅಡುಗೆಮನೆಯಲ್ಲಿ ಕೂತು, ಮಗುವಿಗೆ ಏನೂ ಆಗದು ಎಂದು ಹೇಳಬೇಕು. ಅದು ನಿಜವಲ್ಲದಿದ್ದರೆ ಹಾಗೆಂದಾದರೂ ಹೇಳಬೇಕು. ಧ್ವನಿವರ್ಧಕ ಬೇಕಾಗಿಲ್ಲ, ಅಡುಗೆಮನೆ ಚಿಕ್ಕದು.

ಇಂತಿ, ತಮ್ಮ ಕೃಪೆಯಿಂದಲ್ಲದಿದ್ದರೂ ಇನ್ನೂ ಬದುಕಿರುವ
ತಮ್ಮ ವಿಶ್ವಾಸಿ,
ಬೋರ್ಗಿಲ್ಡ್ ಟ್ವೇಟನ್

ಮರೆತ ಮಾತು: ಇದನ್ನು ಬರೆಯುತ್ತಿರುವಾಗಲೇ ತಮ್ಮ ಇನ್ನೊಂದು ಲಾರಿ ನಮ್ಮ ಗೇಟಿನೆದುರು ನಿಂತು, ಚಾಲಕ ವಾಯುನೆಲೆಗೆ ದಾರಿ ಕೇಳಿದ. ಎಡಕ್ಕೆ ಎಂದು ಸ್ಪಷ್ಟವಾಗಿ ಕೈ ತೋರಿಸಿದೆವು. ಬಹಳ ವಿನಯದಿಂದ ವಂದಿಸಿ, ಬಲಕ್ಕೆ ತಿರುಗಿಸಿಕೊಂಡು ಹೋದ.