ವೈರಸ್ ಲ್ಯಾಬಿನವನ ಪಾಡು

ಮೈಸೂರಿನ ಒಂದು ಲ್ಯಾಬಿನಲ್ಲಿ ಜ್ವರ ಬಂದವರ ರಕ್ತದಲ್ಲಿ ವೈರಸ್ ಹುಡುಕುವುದು ನನ್ನ ಕೆಲಸ. ಗಂಭೀರವಾದ ಕೆಲಸವೇ. ಆದರೂ ನಗುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ಭಾನುವಾರದ ಚಿಂತೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಾಮರಾಜಪುರಂನಲ್ಲಿ ಮನೆ ಹುಡುಕುತ್ತಿದ್ದೆ. ನಾನು ಮಾಡುವ ಕೆಲಸ ಏನೆಂದು ತಿಳಿದ ಕೂಡಲೇ ಮನೆ ಬೇರೆಯವರಿಗೆ ಕೊಟ್ಟಾಯ್ತು ಅನ್ನುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ಒಳಗೆ ಕೂರಿಸಿ ಕಾಫಿ ಕೊಟ್ಟರು. ವೈರಸ್‌ಗಳನ್ನು ಮನೆಗೆ ತರ್ತೀಯಾ ಎಂದು ಕೇಳಿದರು. ಇಲ್ಲಜ್ಜಿ, ಅವು ಲ್ಯಾಬಿನ ಫ್ರೀಜರ್‌ನಲ್ಲೇ ಇರುತ್ತವೆ ಎಂದೆ. ಅಜ್ಜಿ ಸ್ವಲ್ಪ ಯೋಚಿಸಿದರು.

"ಭಾನುವಾರ ನಿನಗೆ ರಜ ಅಲ್ವೇನಪ್ಪ? ಅವಕ್ಕೆ ಊಟ ಯಾರು ಹಾಕ್ತಾರೆ?"

ಮನೆ ಸಿಕ್ಕಿತು. ಅವಕ್ಕೆ ಬೇಕಿಲ್ಲ ಅಂದಮೇಲೆ, ಭಾನುವಾರದ ಊಟವನ್ನು ಅಜ್ಜಿ ನನಗೇ ಹಾಕಿದರು.

ನೆಗೆಟಿವ್

ಬೆಟ್ಟದಲ್ಲಿ ಹೂವು ಮಾರುವ ಹೆಂಗಸೊಬ್ಬರ ಮಗಳಿಗೆ ಜ್ವರ ಬಿಟ್ಟಿರಲಿಲ್ಲ. ಡೆಂಗಿ ಪರೀಕ್ಷೆಯ ರಿಪೋರ್ಟ್ ಕೇಳಲು ತಾಯಿಯೇ ಬಂದರು. ನೆಗೆಟಿವ್ ಎಂದೆ. ಆಕೆ ಅಲ್ಲೇ ಕುಸಿದು ಕೂತು ಅಳತೊಡಗಿದರು. ನಾನು ಗಾಬರಿಯಾಗಿ ನೀರು ಕೊಟ್ಟು, ನೆಗೆಟಿವ್ ಅಂದರೆ ಡೆಂಗಿ ಇಲ್ಲ ಅಂತ, ಒಳ್ಳೆಯ ಸುದ್ದಿ ಎಂದು ಬಿಡಿಸಿ ಹೇಳಿದೆ. ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ದಿಟ್ಟಿಸಿದರು.

"ಒಳ್ಳೇ ಸುದ್ದೀನ ಸಾವಿನ ಮನೇಲಿ ನಿಂತಂಗೆ ಯಾಕ್ ಹೇಳಿದ್ರಿ ಸ್ವಾಮಿ?"

ಮಗಳು ಹುಷಾರಾದ ಮೇಲೆ ಮಲ್ಲಿಗೆ ತಂದುಕೊಟ್ಟು, ಈಗ ನಗೋದು ಕಲಿತ್ರಾ ಎಂದು ವಿಚಾರಿಸಿಕೊಂಡು ಹೋದರು.

ಆಟೋದವರು

ಬೀದಿಯ ಜನರನ್ನು ಸೇರಿಸಿ ಡೆಂಗಿ ಬರದಂತೆ ಏನು ಮಾಡಬೇಕೆಂದು ಉದ್ದದ ಭಾಷಣ ಮಾಡಿದ ಕೆಲವೇ ದಿನಕ್ಕೆ ನನಗೇ ಡೆಂಗಿ ಬಂತು. ಒಸಡಿನಲ್ಲಿ ರಕ್ತ ಕಾಣಿಸಿತು. ಅದರ ಅರ್ಥ ಚೆನ್ನಾಗಿ ಗೊತ್ತಿದ್ದುದರಿಂದ ಬೇರೆಯವರಿಗಿಂತ ನಾನೇ ಹೆಚ್ಚು ಹೆದರಿದೆ. ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಪ್ಲೇಟ್‌ಲೆಟ್ ತೀರಾ ಇಳಿದಿದೆ, ಕೊಡುವವರು ಯಾರಾದರೂ ಬೇಕು ಎಂದರು ಡಾಕ್ಟರು. ಬನ್ನಿಮಂಟಪದ ಆ ಆಟೋದವರು ನನ್ನನ್ನು ಬಿಟ್ಟು ಹೋಗದೆ ಬಾಗಿಲಲ್ಲೇ ನಿಂತಿದ್ದರು. ಗುರುತಿಲ್ಲ, ಪರಿಚಯವಿಲ್ಲ, ಅಂಗಿಯ ತೋಳು ಮೇಲೇರಿಸಿಕೊಂಡು ಒಳಗೆ ಬಂದರು.

ಚೇತರಿಸಿಕೊಳ್ಳುವಾಗ ನೋಡಲು ಬಂದಿದ್ದರು. ಅವರ ಕೈ ಹಿಡಿದುಕೊಂಡೆ. ಈ ಉಪಕಾರ ಹೇಗೆ ತೀರಿಸಲಿ ಎಂದು ಕೇಳಿದೆ. ಅವರು ನನ್ನ ಕೈ ತಟ್ಟಿದರು.

"ನಿಮ್ ಮೈಯಲ್ಲೀಗ ಓಡ್ತಿರೋದು ನಮ್ ರಕ್ತ ಸಾರ್. ಎಷ್ಟು ದೂರ ಓಡಿದ್ರೂ ಮೀಟರ್ ಹಾಕಲ್ಲ ಬುಡಿ."